ಮಲಗಿದ ಆಂಟೆನಾವನ್ನು ಎಬ್ಬಿಸುತ್ತಿದ್ದವರು ಯಾರು?

ಮೊಬೈಲ್ ಸಂಪರ್ಕ ಕ್ಷೇತ್ರದಲ್ಲಿ ಸಿಗ್ನಲನ್ನು ಇನ್ನಷ್ಟು ದೂರಕ್ಕೆ, ಇನ್ನಷ್ಟು ಜೋರಾಗಿ ಕಳಿಸುವುದು ಹೇಗೆಂದು ಯೋಚಿಸಿದವರು ಬಹಳ ಮಂದಿ. ಯಾರಿಗೂ ಬೇಡವಾದ ಹೊತ್ತಿನಲ್ಲಿ ಅದನ್ನು ಸುಮ್ಮನಿರಿಸುವುದು ಹೇಗೆಂದು ತಲೆ ಕೆಡಿಸಿಕೊಂಡವರು ಕೆಲವರೇ. ಆ ಕೆಲವರ ನಡುವೆ, ಈ ತಿಂಗಳು ನಮ್ಮ ಪ್ರಯೋಗಾಲಯದಿಂದ ನಿವೃತ್ತರಾಗುತ್ತಿರುವ ಹಿರಿಯ ಎಂಜಿನಿಯರರದು ಎದ್ದು ಕಾಣುವ ಸ್ಥಾನ. ಖಾಲಿ ಕೋಣೆಯ ದೀಪ, ಫ್ಯಾನು ಕಂಡಲ್ಲಿ ಆರಿಸಿಯೇ ಮುಂದೆ ಹೋಗುತ್ತಿದ್ದುದರಿಂದ ಅವರು ನಮಗೆಲ್ಲ ಸ್ವಿಚ್ಚಣ್ಣ. ಒಮ್ಮೆ ನಾನು ಒಳಗಿರುವಾಗಲೇ ಉಗ್ರಾಣದ ದೀಪ ಆರಿಸಿಬಿಟ್ಟು, "ಅಕ್ಕಾ, ನೀವು ಇಷ್ಟು ಸದ್ದಿಲ್ಲದೆ ಕೆಲಸ ಮಾಡಿದ್ರೆ ನಾನೇನು ಮಾಡ್ಲಿ?" ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದ್ದರು.

ಅವರು ಕೆಲಸಕ್ಕೆ ಸೇರಿದಾಗ ನಾನು ಅದೇ ಪ್ರಯೋಗಾಲಯದಲ್ಲಿ ಆಗಲೇ ಹಳಬಳು. ಮೊದಲ ವಾರವೇ ಮೇಜಿನ ಮೇಲಿದ್ದ ಆಂಟೆನಾ ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟು, "ಯಾರೂ ಮಾತಾಡ್ತಿಲ್ಲ, ಆದ್ರೂ ಇದ್ಯಾಕೆ ಇಷ್ಟು ಬಿಸಿ?" ಎಂದು ಕೇಳಿದರು. ಆ ಬಿಸಿ ನಮಗೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಚಳಿಯ ದಿನಗಳಲ್ಲಿ ಅಲ್ಲಿ ಕೈ ಕಾಯಿಸಿಕೊಳ್ಳುತ್ತಿದ್ದೆವೇ ಹೊರತು ಯಾಕೆಂದು ಕೇಳಿರಲಿಲ್ಲ. ಬರುವರೋ ಇಲ್ಲವೋ ತಿಳಿಯದ ನೆಂಟರಿಗಾಗಿ ದಿನವಿಡೀ ಒಲೆ ಉರಿಸಿಟ್ಟಂತೆ, ಬರದ ಕರೆಗಾಗಿ ಆಂಟೆನಾ ವಿದ್ಯುತ್ ಉರಿಸುತ್ತಲೇ ಇರುತ್ತದೆ ಎಂಬುದು ನನಗೆ ಮನದಟ್ಟಾದದ್ದು ಅವರಿಂದ.

ನನ್ನ ಕಣ್ಣು ಮಂಜಾಗತೊಡಗಿದ ವರ್ಷ ಉಪಕರಣಗಳ ಗುಂಡಿಗಳಿಗೆಲ್ಲ ದಪ್ಪ ಅಕ್ಷರದ ಚೀಟಿ ಅಂಟಿಸಿ, "ನನಗೆ ಕಾಣೋದಿಲ್ಲಪ್ಪ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಅವರ ದೃಷ್ಟಿ ಇಂದಿಗೂ ಹದ್ದಿನದು.

ಅವರ ಸೇವಾವಧಿಯ ನಡುಭಾಗದಲ್ಲಿ ನಡೆದ ಪರೀಕ್ಷೆಯೊಂದನ್ನು ಇಲ್ಲಿ ಹೇಳಲೇಬೇಕು. ಬಳಕೆ ಇಳಿದಾಗ ಟವರಿನ ಆಂಟೆನಾಗಳಲ್ಲಿ ಒಂದನ್ನು ಮಾತ್ರ ಎಚ್ಚರವಿರಿಸಿ ಉಳಿದವನ್ನು ಮಲಗಿಸುವ ಏರ್ಪಾಡನ್ನು ಅವರು ಸಿದ್ಧಪಡಿಸಿದ್ದರು. ಯಾರಿಗೂ ತೊಂದರೆಯಾಗಬಾರದೆಂದು, ತುಸು ಬಳಕೆ ಕಂಡರೂ ಎಲ್ಲವೂ ಏಳುವಂತೆ ಮಾಡಿದ್ದರು. ವಾರದ ರಜೆಯ ಮಧ್ಯಾಹ್ನ, ಕಾರ್ಖಾನೆಗಳೆಲ್ಲ ಬೀಗ ಹಾಕಿಕೊಂಡಿದ್ದ ಬಡಾವಣೆಯಲ್ಲಿ ಪರೀಕ್ಷೆ. ದೂರದಿಂದಲೇ ನೋಡುವ ಸೌಕರ್ಯ ಆಗ ಇರಲಿಲ್ಲ. ವ್ಯಾನಿನಲ್ಲಿ ಹೋಗಿ ಟವರಿನ ಬುಡದಲ್ಲೇ ವಿದ್ಯುತ್ ಅಳೆಯಬೇಕು. ಎರಡು ಸಲ ಹೋದೆವು, ಎರಡು ಸಲವೂ ಕಿಂಚಿತ್ತೂ ಉಳಿತಾಯ ಕಾಣಲಿಲ್ಲ. ಮೂರನೆಯ ಸಲವೂ ಹೀಗೇ ಆದರೆ ಕೆಲಸವನ್ನು ಕೈಬಿಟ್ಟು, ನಮ್ಮ ತಂಡವನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚುವುದಾಗಿ ಮುಖ್ಯಸ್ಥರು ಹೇಳಿ, ತಾವೂ ವ್ಯಾನು ಹತ್ತಿದರು.

ಆ ದಿನವೂ ವಿದ್ಯುತ್ ಮಾಪಕದ ಮುಳ್ಳು ಇಳಿಯಲಿಲ್ಲ. ಸ್ವಿಚ್ಚಣ್ಣನವರಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾದಂತಿತ್ತು.

"ಅಕ್ಕಾ, ಇಡೀ ಬಡಾವಣೆಗೆ ಬೀಗ ಬಿದ್ದಿದೆ. ಹಾಗಾದ್ರೆ ಈ ಬಳಕೆ ಯಾರದ್ದು?"

"ನಮ್ಮದೇ ಇರಬೇಕು. ಇಲ್ಲಿ ಇರೋರು ನಾವೇ ತಾನೆ?" ಎಂದು ತಮಾಷೆಗೆ ಅಂದೆ.

ಅವರು ನಗಲಿಲ್ಲ. ವ್ಯಾನಿನೊಳಗೆ ಸಾಲಾಗಿ ಕೂತಿದ್ದ ಪರೀಕ್ಷೆಯ ಫೋನುಗಳತ್ತ ನೋಡಿದರು. ಆಂಟೆನಾ ಮಲಗಿದರೂ ಸೇವೆ ಕೆಡುವುದಿಲ್ಲವೆಂದು ತೋರಿಸಲು ಅವು ಒಂದೇ ಸಮನೆ ಚಿತ್ರಗಳನ್ನು ಇಳಿಸಿಕೊಳ್ಳುತ್ತಿದ್ದವು. ಮಗು ಮಲಗಿತೇ ಎಂದು ತಟ್ಟಿ ತಟ್ಟಿ ಕೇಳುವ ಕೆಲಸವನ್ನು ನಾವು ಮೂರು ಸಲವೂ ಮಾಡಿದ್ದೆವು.

ಫೋನುಗಳನ್ನೆಲ್ಲ ಆರಿಸಿದೆವು. ಮುಳ್ಳು ಮಿಸುಕಲಿಲ್ಲ. ಮುಂದಿನ ಸೀಟಿನಲ್ಲಿ ಮುಖ್ಯಸ್ಥರು ತಮ್ಮ ಫೋನಿನಲ್ಲಿ ಕ್ರಿಕೆಟ್ ಪಂದ್ಯ ನೋಡುತ್ತಿದ್ದರು.

"ಸಾರ್, ನಿಮ್ಮದನ್ನೂ ಸ್ವಲ್ಪ..."

"ನಂದೊಂದರಿಂದ ಏನಾಗುತ್ತಯ್ಯ? ಕೊನೇ ಓವರು."

"ನಮ್ಮದೂ ಕೊನೇ ಓವರೇ ಸಾರ್."

ಮುಖ್ಯಸ್ಥರು ಗೊಣಗುತ್ತ ಫೋನು ಆರಿಸಿದರು. ಸ್ವಲ್ಪ ಹೊತ್ತಿಗೆ ಮುಳ್ಳು ನಿಧಾನವಾಗಿ ಇಳಿಯಿತು. ಅರ್ಧಕ್ಕಿಂತ ಕೆಳಗೆ ಬಂದು ನಿಂತಿತು. ಆದರೆ ಸ್ವಿಚ್ಚಣ್ಣ ಅಷ್ಟಕ್ಕೇ ತೃಪ್ತರಾಗದೆ ಗೇಟಿನ ಬಳಿಯಿದ್ದ ಕಾವಲುಗಾರನಲ್ಲಿಗೆ ಹೋಗಿ, ಮನೆಗೊಂದು ಫೋನು ಮಾಡುವಂತೆ ಕೇಳಿಕೊಂಡರು. ಮಾತು ಮುಗಿದ ಮೇಲೆ, ಸರಿಯಾಗಿ ಕೇಳಿಸಿತೇ ಎಂದು ವಿಚಾರಿಸಿದರು.

"ಕೇಳಿಸ್ತು ಸಾರ್. ಯಾಕೆ ಸುಮ್ಮನೆ ಫೋನ್ ಮಾಡಿದ್ರಿ ಅಂತ ಮನೆಯವಳು ಬೈದಿದ್ದೂ ಚೆನ್ನಾಗಿ ಕೇಳಿಸ್ತು."

ಮುಖ್ಯಸ್ಥರು ವ್ಯಾನಿನಿಂದ ಇಳಿದು ಬಂದು ಕೈಕುಲುಕಿದರು. ತಂಡ ಉಳಿಯಿತು. ಅಂದಿನಿಂದ ವಿದ್ಯುತ್ ಅಳೆಯುವ ದಿನವೇ ಬೇರೆ, ಸೇವೆ ಪರೀಕ್ಷಿಸುವ ದಿನವೇ ಬೇರೆ ಎಂಬುದು ನಮ್ಮಲ್ಲಿ ನಿಯಮವಾಯಿತು. ಹೊಸ ಟವರುಗಳಲ್ಲೂ ಅವರ ಏರ್ಪಾಡು ಜಾರಿಗೆ ಬಂತು.

ಹೋದ ವಾರ ಅವರು, ಅವರಿಗಿಂತ ಮೊದಲೇ ನಿವೃತ್ತಳಾದ ನನ್ನ ಮನೆಗೆ ಬಂದಿದ್ದರು. ಅಭಿನಂದನ ಸಮಾರಂಭದ ಸುದ್ದಿ ತೆಗೆದರೆ ಮಾತು ಬದಲಿಸಿದರು. ಮಲಗಿದ ಆಂಟೆನಾ ಪೂರ್ತಿ ಎಚ್ಚರಗೊಳ್ಳಲು ಕ್ಷಣಕಾಲ ಬೇಕಷ್ಟೆ. ಒಮ್ಮೆಗೇ ಹತ್ತಾರು ಜನ ಕರೆ ಮಾಡಿದರೆ, ಆ ಕ್ಷಣದಲ್ಲಿ ಕಾಯಬೇಕಾದವರು ಯಾರು, ಅವರಿಗೆ ಎಂಥ ಅವಸರವಿದ್ದೀತು ಎಂಬುದೇ ಈಗ ಅವರ ಚಿಂತೆ. "ಅದೊಂದು ಬಗೆಹರಿದಿಲ್ಲ ಅಕ್ಕಾ" ಎನ್ನುತ್ತ ಎದ್ದರು. ಅದನ್ನು ಬಗೆಹರಿಸುವಷ್ಟು ಆಯುಸ್ಸು, ಆರೋಗ್ಯ ಅವರಿಗೆ ಧಾರಾಳವಾಗಿರಲಿ. ಬಗೆಹರಿದ ಮರುದಿನವೇ ಇನ್ನೊಂದು ಪ್ರಶ್ನೆ ಹೊತ್ತು ಅವರು ನನ್ನ ಬಾಗಿಲು ತಟ್ಟುವಂತಾಗಲಿ.