ರೊಟ್ಟಿ ಬಡಿಯದ ಮನೆ

ನಮ್ಮ ಸೀಮೆಯಲ್ಲಿ ಯಾರಾದರೂ ಮೆಲ್ಲಗೆ ಮಾತಾಡಿದರೆ ಜನ ಮೊದಲು ಕೇಳುವುದು, "ಯಾಕ, ಆರಾಮ ಇಲ್ಲೇನು?" ಎಂದು. ಎದುರಿಗೆ ಕೂತವನಿಗೆ ಹೇಳುವ ಮಾತನ್ನೂ ಮೂರು ಹೊಲದ ಆಚೆ ನಿಂತವನಿಗೆ ಹೇಳಿದ ಹಾಗೆ ಹೇಳುವುದು ಇಲ್ಲಿಯ ರೀತಿ. ಮೈಸೂರು ಕಡೆಯ ಅಧಿಕಾರಿಯೊಬ್ಬರು ಸಿಂದಗಿಗೆ ವರ್ಗವಾಗಿ ಬಂದ ಹೊಸತರಲ್ಲಿ, ಇಬ್ಬರು ಬೀಗರು ಒಬ್ಬರನ್ನೊಬ್ಬರು ಊಟಕ್ಕೆ ಕರೆಯುವುದನ್ನು ಕೇಳಿ ಜಗಳ ಬಿಡಿಸಲು ಓಡಿಬಂದಿದ್ದರು.

ಅಂಥ ಊರಿನಲ್ಲೂ ಜೋರು ದನಿಯವನೆಂದು ಹೆಸರು ಪಡೆದವನು ನಾನು. ಅಡತಿ ಅಂಗಡಿಯಲ್ಲಿ ನನ್ನ ಕೆಲಸವೇ ಕೂಗುವುದಾಗಿತ್ತು. ರೈತರು ತಂದು ಸುರಿದ ಜೋಳ, ತೊಗರಿಯ ರಾಶಿಗಳ ನಡುವೆ ನಿಂತು ಹರಾಜಿನ ಸವಾಲು ಕೂಗಬೇಕು. ಖರೀದಿಗೆ ಬಂದವರು ಕೊಟ್ಟ ದರವನ್ನು ಎತ್ತಿ ಹೇಳಿ, ಅವರನ್ನು ಕೆಣಕಿ, ಇನ್ನಷ್ಟು ಏರಿಸಿ, ಕೊನೆಗೆ "ಒಂದ್ ವಾರ, ಎರಡ್ ವಾರ, ಮೂರ್ ವಾರ" ಎನ್ನಬೇಕು. ನನ್ನ ಮೂರನೆಯ ವಾರ ಪೇಟೆಯ ಆ ತುದಿಯಲ್ಲಿ ಚೀಲ ಹೊರುತ್ತಿದ್ದ ಹಮಾಲನಿಗೂ ಕೇಳುತ್ತಿತ್ತು. ಅದರ ಸೊಕ್ಕು ನನಗೆ ತುಸು ಹೆಚ್ಚೇ ಇತ್ತು.

ಎಪ್ಪತ್ತರ ದಶಕದ ನಡುವೆ ನನಗೊಬ್ಬಳು ಮಗಳು ಹುಟ್ಟಿದಳು. ಹುಟ್ಟಿದಾಗ ಅವಳು ಅತ್ತ ದನಿ ಕೇಳಿ, ಓಣಿಯ ಆಚೆ ಬದಿಯ ಮುಸಲ್ಮಾನರ ಮನೆಯ ಹಿರಿಯಾಕೆ, ಓಣಿಯವರೆಲ್ಲ ಖಾಲಾ ಎಂದು ಕರೆಯುತ್ತಿದ್ದವರು, ಬಾಗಿಲಲ್ಲೇ ನಿಂತು ನಕ್ಕಿದ್ದರು. "ನಿನಗ ಹುಟ್ಟಿದ್ದು ಹೆಣ್ಣಲ್ಲೋ, ಇನ್ನೊಬ್ಬ ಸವಾಲ ಹೇಳಾವ!" ನಾನು ಹಿಗ್ಗಿಹೋದೆ. ನನ್ನ ಹತ್ತಿರ ಹೇಳಿಕೊಳ್ಳುವಂಥ ಬೇರೇನೂ ಇರಲಿಲ್ಲ. ಈ ದನಿಯೊಂದು ಅವಳಿಗೆ ಬಂದರೆ ಸಾಕು, ಯಾರ ಮುಂದೆಯೂ ತಲೆ ತಗ್ಗಿಸದೆ ಬದುಕುತ್ತಾಳೆ ಎಂದುಕೊಂಡೆ.

ಅವಳಿಗೆ ಒಂದೂವರೆ ವರ್ಷವಿರುವಾಗ ಅದು ನಡೆಯಿತು. "ಅಪ್ಪಾ", "ನೀರ", "ಬಾ" ಎಂಬ ನಾಲ್ಕಾರು ಮಾತು ಆಗಷ್ಟೇ ಬರುತ್ತಿದ್ದವು. ಅಷ್ಟನ್ನೇ ಓಣಿಗೆಲ್ಲ ಕೇಳುವ ಹಾಗೆ ಒದರುತ್ತಿದ್ದಳು. ತೊಗರಿಯ ಸುಗ್ಗಿ. ನಾನು ಸವಾಲು ಕೂಗುತ್ತಿದ್ದೆ. ಹಿಂದೆ ಒಂದರ ಮೇಲೊಂದು ಪೇರಿಸಿಟ್ಟ ಚೀಲಗಳಲ್ಲಿ ಮೇಲಿನದೊಂದು ಜಾರಿ ನನ್ನ ಬೆನ್ನ ಮೇಲೆ ಬಿತ್ತು. ಮುಗ್ಗರಿಸಿದವನ ತಲೆ ತೂಕದ ಕಾಟಾದ ಕಬ್ಬಿಣಕ್ಕೆ ಬಡಿಯಿತು. ನೀರು ಚಿಮುಕಿಸಿ ಎಬ್ಬಿಸಿದರಂತೆ, ನನಗೆ ನೆನಪಿಲ್ಲ. ರಕ್ತ ಬರಲಿಲ್ಲ. ಒಂದಿಷ್ಟು ರಕ್ತ ಬಂದಿದ್ದರೆ ಮುಂದೆ ಜನ ನನ್ನನ್ನು ನಂಬುತ್ತಿದ್ದರು. ಎದ್ದು, ರುಮಾಲು ಸುತ್ತಿಕೊಂಡು, ಉಳಿದ ಸವಾಲನ್ನೂ ಮುಗಿಸಿದೆನಂತೆ. ಸಂಜೆ ಮನೆಗೆ ಹೊರಟವನಿಗೆ ನಮ್ಮ ಓಣಿ ಯಾವುದೆಂದು ತಿಳಿಯಲಿಲ್ಲ. ಬಾವಿಕಟ್ಟೆಯ ಹತ್ತಿರ ವಾಂತಿ ಮಾಡಿಕೊಳ್ಳುತ್ತ ಕೂತವನನ್ನು ಯಾರೋ ಕೈಹಿಡಿದು ಮನೆಗೆ ತಂದುಬಿಟ್ಟರು.

ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. "ಮಿದುಳು ಅಲಗ್ಯಾಡೈತಿ. ಕಾಲು ಮುರಿದಿದ್ರ ಕಟ್ಟು ಕಟ್ಟತಿದ್ದೆ, ಇದಕ್ಕ ಕಟ್ಟಿಲ್ಲ. ಕತ್ತಲ್ಯಾಗ, ಸಪ್ಪಳ ಇಲ್ಲದ ಜಾಗಾದಾಗ ಸುಮ್ಮನ ಮಲಗು" ಎಂದರು.

"ಎಷ್ಟ ದಿನಾರಿ?" ಎಂದಳು ಹೆಂಡತಿ.

"ಅದನ್ನ ನಾ ಹೇಳಾಕ ಬರೂದಿಲ್ಲವ್ವಾ. ತಾನ ಕಡಿಮಿ ಆಗಬೇಕು."

ಸಪ್ಪಳ ಇಲ್ಲದ ಜಾಗ! ಸಿಂದಗಿಯಲ್ಲಿ! ಕಿಟಕಿಗೆ ಗೋಣಿತಟ್ಟು ಕಟ್ಟಿ ಕತ್ತಲು ಮಾಡಿಕೊಂಡೆವು, ಅದೇನೂ ಕಷ್ಟವಾಗಲಿಲ್ಲ. ಸಪ್ಪಳಕ್ಕೆ ಯಾವ ಗೋಣಿತಟ್ಟು ಕಟ್ಟುವುದು? ಕೊಡ ಇಟ್ಟರೆ ಸಪ್ಪಳ, ಬಾಗಿಲು ಹಾಕಿದರೆ ಸಪ್ಪಳ. ಎಲ್ಲಕ್ಕಿಂತ ಕೆಟ್ಟದ್ದು ರೊಟ್ಟಿ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಅಂಗೈಯಿಂದ ಬಡಿದು ಬಡಿದು ಅಗಲ ಮಾಡುತ್ತಾರೆ. ಎರಡು ಹೊತ್ತೂ ಎಲ್ಲ ಮನೆಗಳಿಂದಲೂ ಆ ಪಟಪಟ ಸಪ್ಪಳ ಬರುತ್ತಿರಬೇಕು. ಬಾರದಿದ್ದರೆ ಆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ಲೆಕ್ಕ. ನಾನು ಹುಟ್ಟಿದಾಗಿನಿಂದ ಎದ್ದದ್ದು ಆ ಸಪ್ಪಳಕ್ಕೇ. ಈಗ ಒಂದೊಂದು ಏಟೂ ತಲೆಬುರುಡೆಯ ಒಳಗೇ ಬೀಳುತ್ತಿತ್ತು. ಎರಡು ದಿನ ಹಲ್ಲು ಕಚ್ಚಿಕೊಂಡು ಸಹಿಸಿದೆ. ಆಮೇಲೊಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದು, ಹಿಟ್ಟಿನ ಪರಾತವನ್ನು ಎತ್ತಿ ಅಂಗಳಕ್ಕೆ ಎಸೆದೆ. ಎಸೆದ ಸಪ್ಪಳಕ್ಕೆ ನಾನೇ ಕಿವಿ ಮುಚ್ಚಿಕೊಂಡು ಕುಸಿದು ಕೂತೆ.

ಹೆಂಡತಿ ಅಂಗಳಕ್ಕಿಳಿದು ಹಿಟ್ಟು ಬಳಿಯತೊಡಗಿದಳು. ಖಾಲಾ ಓಣಿ ದಾಟಿ ಬಂದು ಪರಾತವನ್ನು ಕೈಗೆತ್ತಿಕೊಂಡರು. "ನಡಿಯವ್ವಾ, ನಮ್ಮ ಒಲಿ ಹಿತ್ತಲ ಕಡೆ ಐತಿ. ಅವಂಗ ಆರಾಮ ಆಗೂತನಕ ನಿಮ್ಮ ರೊಟ್ಟಿ ಅಲ್ಲೇ ಬಡಿ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತು.

ಓಣಿಯವರೆಲ್ಲ ನನಗಾಗಿ ದನಿ ತಗ್ಗಿಸಿದರು. ಜಗಳವಾಡುವವರು ಬೇರೆ ಓಣಿಗೆ ಹೋಗಿ ಆಡಿ ಬರುತ್ತಿದ್ದರು. ಖಾಲಾ ತಮ್ಮ ಆಡುಗಳನ್ನು ಹಿಂದಕ್ಕೆ ಕಟ್ಟಿದರು. ರೇಡಿಯೊ ಇದ್ದ ಒಂದೇ ಮನೆಯವರು ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಹೆಂಡತಿ ಮಗಳ ಕಾಲಿನ ಗೆಜ್ಜೆ ಬಿಚ್ಚಿದಳು. ಮಗು ಬಾಯಿ ತೆರೆದಾಗಲೆಲ್ಲ ಅಂಗೈ ಅಡ್ಡ ಹಿಡಿದು, "ಶ್... ಒದರಬಾರದು, ಅಪ್ಪಗ ತಲಿ ನೋಯ್ತೈತಿ" ಎನ್ನುತ್ತಿದ್ದಳು. ಖಾಲಾ ಹಾಗೇ ಅನ್ನುತ್ತಿದ್ದರು. ಬಂದುಹೋಗುವವರೆಲ್ಲ ಅದನ್ನೇ ಅನ್ನುತ್ತಿದ್ದರು. ನಾಲಿಗೆ ತಿರುಗುವ ವಯಸ್ಸಿನಲ್ಲಿ ಆ ಮಗು ಎಲ್ಲಕ್ಕಿಂತ ಹೆಚ್ಚು ಕೇಳಿದ ಮಾತು ಅದು. ಗೋಣಿತಟ್ಟಿನ ಹಿಂದೆ ಮಲಗಿದ್ದ ನನಗೆ ಅದೆಲ್ಲ ಆಗ ಉಪಕಾರವಾಗಿಯೇ ಕಂಡಿತು.

ಮಳೆಗಾಲ ಬಂತು, ಹೋಯಿತು. ತಲೆ ಹಾಗೇ ಇತ್ತು. ಒಂದು ದಿನ ಹಗುರಾದರೆ ಇನ್ನು ಮುಗಿಯಿತು ಎಂದುಕೊಂಡು ಎದ್ದು ಓಡಾಡುತ್ತಿದ್ದೆ. ಮರುದಿನ ಅದಕ್ಕೆ ಬಡ್ಡಿ ಸಮೇತ ಅನುಭವಿಸುತ್ತಿದ್ದೆ. ಮಾತುಗಳು ಬಾಯಿಯ ತನಕ ಬಂದು ಮಾಯವಾಗುತ್ತಿದ್ದವು. ತಂಬಿಗೆ ಬೇಕಾದರೆ ತಂಬಿಗೆ ಎಂಬ ಮಾತು ಸಿಗದೆ ಕೈಯಿಂದ ಆಕಾರ ಮಾಡಿ ತೋರಿಸುತ್ತಿದ್ದೆ. ತೋರಿಸಿ ಸಿಟ್ಟಿಗೇಳುತ್ತಿದ್ದೆ, ಸಿಟ್ಟು ಮಾಡಿ ಅಳುತ್ತಿದ್ದೆ. ನೋಡಲು ಬಂದವರಿಗೆ ನಾನು ಗಟ್ಟಿಮುಟ್ಟಾಗಿಯೇ ಕಾಣುತ್ತಿದ್ದೆ. "ಏನೂ ಆಗಿಲ್ಲಲ್ಲೋ! ಹೊಟ್ಟಿ ಬಂದೈತಿ ನೋಡು, ಕುಂತು ಉಂಡು" ಎಂದು ಒಬ್ಬ ಬೆನ್ನು ತಟ್ಟಿದ. ಅವನು ತಟ್ಟಿದ್ದು ಬೆನ್ನಿಗೆ, ತಲೆ ಎರಡು ದಿನ ನೋಯಿತು. ಮುದ್ದೇಬಿಹಾಳದಿಂದ ಬಂದ ನನ್ನ ಅಕ್ಕ ಒಂದು ಸೀಸೆ ನಾರುವ ಎಣ್ಣೆ ತಂದು ನೆತ್ತಿಗೆ ತಿಕ್ಕಿ, ಹೊಸಿಲ ಮೇಲೆ ಕೂತು ಗೊಳೋ ಎಂದು ಅತ್ತಳು. ಎಣ್ಣೆಯಿಂದ ಆದ ಗುಣವೆಲ್ಲ ಅವಳ ಅಳುವಿನಿಂದ ಹೋಯಿತು.

ಇಂಡಿ ಕಡೆಯ ಸಾಲೋಟಗಿ ನನ್ನ ಹೆಂಡತಿಯ ತವರು. ಅವಳ ಅಣ್ಣ ಹಟ ಮಾಡಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ. ಬಸ್ಸಿನ ಕುಲುಕಾಟದಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿದೆ. ಹೊಲದ ಮನೆಯಲ್ಲಿ ನಿಂಬೆ ಗಿಡಗಳ ನೆರಳಲ್ಲಿ ಮಲಗಿಸಿದರು. ಸಪ್ಪಳವೇನೋ ಇರಲಿಲ್ಲ. ಆದರೆ ಆ ಸಪ್ಪಳವಿಲ್ಲದ ಜಾಗದಲ್ಲೇ ನನಗೆ ಖಚಿತವಾಯಿತು, ನಾನು ಇನ್ನು ಸರಿಹೋಗುವುದಿಲ್ಲ ಎಂದು. ಕೂಗುವುದು ಬಿಟ್ಟರೆ ನನಗೇನೂ ಬರುತ್ತಿರಲಿಲ್ಲ. ಕೂಗಲಾರದ ನಾನು ಯಾರಿಗೆ ಬೇಕು? ಬೆಳಗಾಗದೇ ಹೋದರೆ ಒಳ್ಳೆಯದಿತ್ತು ಎಂದುಕೊಂಡೇ ಪ್ರತಿದಿನ ಕಣ್ಣು ಮುಚ್ಚುತ್ತಿದ್ದೆ. ಬೆಳಗು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಸಿಂದಗಿಗೆ ಮರಳಿ ಬಂದೆವು. ಮುಂದಿನ ಸುಗ್ಗಿಗೆ ಅಂಗಡಿಯ ಸಾವುಕಾರರು ಹೇಳಿ ಕಳಿಸಿದರು, "ಬಂದು ನಿಂತು ನೋಡಪಾ, ಆದ್ರ ಆತು" ಎಂದು. ಅವರು ಒಳ್ಳೆಯವರು, ನನ್ನ ಜಾಗದಲ್ಲಿ ಅದುವರೆಗೆ ಬೇರೆಯವನನ್ನು ಕಾಯಂ ಮಾಡಿರಲಿಲ್ಲ. ಹೋದೆ. ರಾಶಿಯ ಮುಂದೆ ನಿಂತು ಬಾಯಿ ತೆರೆದೆ. ಹಳೆಯ ದನಿ ಬಂತು. ಆದರೆ ಅದು ಹೊರಗೆ ಹೋಗುವ ಮೊದಲು ನನ್ನ ತಲೆಯೊಳಗೇ ಒಡೆಯಿತು. "ಒಂದ್ ವಾರ" ಎಂದವನಿಗೆ ಯಾವ ದರಕ್ಕೆ ಎಂಬುದು ಮರೆತುಹೋಯಿತು. ಯಾರೋ ನಕ್ಕರು. ಚೀಲಗಳ ಹಿಂದೆ ಹೋಗಿ ಕಾರಿಕೊಂಡು, ಬಿಸಿಲಿಗೆ ಅಂಗವಸ್ತ್ರ ಹೊದ್ದು ಮನೆಗೆ ಬಂದು ಮತ್ತೆ ಗೋಣಿತಟ್ಟಿನ ಹಿಂದೆ ಬಿದ್ದುಕೊಂಡೆ. ಆ ಸುಗ್ಗಿ ಮುಗಿಯುವುದರೊಳಗೆ ಆ ಜಾಗಕ್ಕೆ ಬೇರೆಯವನು ಬಂದ. ಸಾವುಕಾರರು ನನಗೆ ಅಂಗಡಿಯೊಳಗೆ ಕೂತು ಚೀಟಿ ಬರೆಯುವ ಕೆಲಸ ಇಟ್ಟುಕೊಂಡಿರುವುದಾಗಿ ಹೇಳಿದರು. ಅಕ್ಷರ ಕಣ್ಣ ಮುಂದೆ ಕುಣಿಯುವುದು ನಿಂತ ಮೇಲೆ ಬರುತ್ತೇನೆ ಎಂದೆ.

ನಿಂತಿತು. ಯಾವಾಗ ನಿಂತಿತೆಂದು ಹೇಳಲಾರೆ. ತಲೆನೋವು ಬಂದಷ್ಟು ಗದ್ದಲದಲ್ಲಿ ಹೋಗುವುದಿಲ್ಲ. ಇನ್ನೊಂದು ಮಳೆಗಾಲ ಕಳೆದ ಮೇಲೆ ಒಂದು ದಿನ ಖಾಲಾನ ಹಿತ್ತಲ ಕಡೆಯಿಂದ ಪಟಪಟ ಎಂದು ಕೇಳಿತು, ನಾನು ಸುಮ್ಮನೆ ಕೇಳುತ್ತ ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು, ನೋಯಲಿಲ್ಲ ಎಂದು. ಹೆಂಡತಿ ಬಂದೊಡನೆ, "ನಾಳಿಂದ ರೊಟ್ಟಿ ಮನ್ಯಾಗ ಬಡಿ" ಎಂದೆ. ಅವಳು ನಂಬದೆ ಮೊದಮೊದಲು ಬೆರಳ ತುದಿಯಿಂದ ಬಡಿದಳು. ನಾನು ಎದುರಿಗೇ ಕೂತು, "ಜೋರ ಬಡಿ, ಇನ್ನೂ ಜೋರ ಬಡಿ" ಎಂದೆ. ಅವಳು ಬಡಿಯುತ್ತ ಬಡಿಯುತ್ತ ಅತ್ತಳು, ನಾನೂ ಅತ್ತೆ.

ಮಗಳು ಬಾಗಿಲ ಸಂದಿಯಲ್ಲಿ ನಿಂತು ಇದನ್ನು ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಬಂದು ತಾಯಿಯ ಕೈ ಹಿಡಿದು, ಉಸಿರಿನಷ್ಟೇ ದನಿಯಲ್ಲಿ, "ಯವ್ವಾ, ಸಪ್ಪಳ ಆಗತೈತಿ" ಎಂದಳು.

ಅವಳಿಗೆ ಆಗ ಮೂರು ತುಂಬಿತ್ತು. ಮಾತು ಅರಳು ಹುರಿದ ಹಾಗೆ ಬರುತ್ತಿತ್ತು, ಅದರಲ್ಲೇನೂ ಕೊರತೆಯಿರಲಿಲ್ಲ. ಆದರೆ ಎಲ್ಲ ಮಾತೂ ಗುಟ್ಟು ಹೇಳುವ ದನಿಯಲ್ಲಿ. ಬಿದ್ದು ಮೊಣಕಾಲು ತರಚಿದರೂ ಬಾಯಿಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳು. ಖಾಲಾನ ಆಡಿನ ಮರಿಯನ್ನು ಎದುರಿಗೆ ನಿಲ್ಲಿಸಿ ಸವಾಲು ಆಡುತ್ತಿದ್ದಳು. "ಒಂದ್ ವಾರ... ಎರಡ್ ವಾರ..." ಆ ಮರಿಗೂ ಕೇಳಿಸುತ್ತಿತ್ತೋ ಇಲ್ಲವೋ. ಯಾರು ಕಲಿಸಿದರೋ ಗೊತ್ತಿಲ್ಲ, ಅವಳ ನೆನಪಿನಲ್ಲಿ ನಾನು ಸವಾಲು ಕೂಗಿದ್ದಂತೂ ಇರಲಿಕ್ಕಿಲ್ಲ. "ಹಂಗಲ್ಲವ್ವಾ, ಜೋರ ಒದರು, ಹಿಂಗ" ಎಂದು ನಾನು ಬಾಯಿ ತೆರೆದರೆ ಓಡಿಬಂದು ನನ್ನ ಬಾಯಿ ಮುಚ್ಚುತ್ತಿದ್ದಳು. ಬಯಲಿಗೆ ಕರೆದುಕೊಂಡು ಹೋದೆ, ಬೆಲ್ಲ ಕೊಡುತ್ತೇನೆ ಎಂದೆ, ಒಂದು ಸಲ ಬೈದೂ ನೋಡಿದೆ. ಬೈದಾಗ ಅವಳ ತುಟಿ ನಡುಗಿತು, ದನಿ ಮಾತ್ರ ಹೊರಡಲಿಲ್ಲ. "ಸಾಲಿಗೆ ಹೋದ್ರ ಸರಿ ಆಗತಾಳ" ಎನ್ನುತ್ತಿದ್ದಳು ಹೆಂಡತಿ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.

ನನ್ನ ತಲೆ ಸರಿಯಾದರೆ ಬಾಗೇವಾಡಿಗೆ ಬಂದು ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸುತ್ತೇನೆ ಎಂದು ಹೆಂಡತಿ ಬೇಡಿಕೊಂಡಿದ್ದಳು. ಮೂವರೂ ಹೋದೆವು. ಕಾಯಿ ಒಡೆಸಿ, ಪ್ರಸಾದ ಕಟ್ಟಿಕೊಂಡು, ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದೆವು. ಸಂತೆಯ ದಿನ. ಕೋಳಿ, ಕುರಿ, ಬುಟ್ಟಿ, ಚೀಲ, ಹಾರನ್ನು, ಬೈಗುಳ ಎಲ್ಲ ಒಟ್ಟಿಗೇ. ಮಗಳನ್ನು ನನ್ನ ಹತ್ತಿರ ಬಿಟ್ಟು ಹೆಂಡತಿ ನೀರು ತರಲು ಹೋದಳು. ನಾನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಆ ಗದ್ದಲವನ್ನೆಲ್ಲ ಕಿವಿತುಂಬ ಕೇಳಿದೆ. ಎಷ್ಟು ಕೇಳಿದರೂ ನೋಯಲಿಲ್ಲ. ಗುಡಿಯಲ್ಲಿ ಮುಗಿಯದ ಕೈಯನ್ನು ಅಲ್ಲಿ ಮುಗಿದೆ. ಕಣ್ಣು ತೆರೆದು ನೋಡಿದರೆ ಮಗಳಿಲ್ಲ.

ಒಂದು ಬಸ್ಸು ಹಿಂದಕ್ಕೆ ಸರಿಯುತ್ತಿತ್ತು, ಜನ ಅದರ ಬಾಗಿಲಿಗೆ ಮುಗಿಬಿದ್ದಿದ್ದರು. ಅವಳ ಹೆಸರು ಹಿಡಿದು ಕೂಗಿದೆ. ಪೇಟೆಯಲ್ಲಿ ಕೂಗುತ್ತಿದ್ದ ಪೂರಾ ದನಿ ಬಂತು. ಬಸ್ ಸ್ಟ್ಯಾಂಡಿನವರೆಲ್ಲ ತಿರುಗಿದರು. ಡ್ರೈವರು ಬಸ್ಸು ನಿಲ್ಲಿಸಿದ. ಮತ್ತೆ ಕೂಗಿದೆ, ಮತ್ತೆ. ಗದ್ದಲವೆಲ್ಲ ಅಡಗಿತು. ಎಲ್ಲರೂ ಒಂದು ಮಗುವಿನ ಅಳು ಎಲ್ಲಿಂದ ಬರುತ್ತದೆ ಎಂದು ಕಿವಿಗೊಟ್ಟು ನಿಂತರು. ಎಲ್ಲಿಂದಲೂ ಬರಲಿಲ್ಲ.

ಕೊಡ ಹೊತ್ತ ಹೆಂಗಸೊಬ್ಬಳು ಬೆರಳು ತೋರಿಸಿದಳು. ನಾನು ಒರಗಿದ್ದ ಕಂಬದ ಹಿಂದೆಯೇ, ಯಾರದೋ ಎರಡು ಚೀಲಗಳ ಸಂದಿಯಲ್ಲಿ ನನ್ನ ಮಗಳು ಸಿಕ್ಕಿಕೊಂಡು ನಿಂತಿದ್ದಳು. ಮುಖ ಕೆಂಪಾಗಿತ್ತು, ಕೆನ್ನೆಯೆಲ್ಲ ನೀರು. ತುಟಿಗಳು ಅಲ್ಲಾಡುತ್ತಿದ್ದವು. ಬಾಗಿ ಕಿವಿ ಹತ್ತಿರ ಒಯ್ದೆ.

"ಇಲ್ಲೇ ಅದೇನಿ ಅಪ್ಪಾ, ಇಲ್ಲೇ ಅದೇನಿ, ಇಲ್ಲೇ ಅದೇನಿ" ಎನ್ನುತ್ತಿದ್ದಳು. ನಾನು ಕೂಗಿದಾಗಲೆಲ್ಲ ಅವಳು ಓ ಅಂದಿದ್ದಳು.

ಎತ್ತಿಕೊಂಡೆ. ಅವಳು ಎರಡೂ ಅಂಗೈಗಳನ್ನು ನನ್ನ ಎರಡೂ ಕಿವಿಗಳ ಮೇಲೆ ಬಲವಾಗಿ ಒತ್ತಿ ಹಿಡಿದಳು. "ಒದರಬ್ಯಾಡಪ್ಪಾ" ಎಂದಳು, "ನಿನ್ನ ತಲಿ ನೋಯ್ತೈತಿ."

ನನ್ನ ತಲೆ ಆಗ ನೋಯುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಸಿಂದಗಿಯ ಬಸ್ಸು ಬರುವ ತನಕ ಹೇಳುತ್ತಲೇ ಇದ್ದೆ. ಅವಳು ಕೈ ತೆಗೆಯಲಿಲ್ಲ.