ಕಾವೇರಿ ದಂಡೆಯಲ್ಲಿ ಮೋಸೆಲ್ ವೈನು

ಹೆಣ್ಣು ಕೇಳಲು ಹೋದವನ ಕೈಗೆ ಗುದ್ದಲಿ ಕೊಟ್ಟು ದ್ರಾಕ್ಷಿ ನೆಡಿಸಿದ ಮನೆ ಇಡೀ ಕೊಡಗಿನಲ್ಲಿ ಅದೊಂದೇ ಇರಬೇಕು.

ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯ. ನಾನು ಕಿತ್ತಳೆ ವ್ಯಾಪಾರಿ. ಕಾಯಿ ಹಸಿರಿರುವಾಗಲೇ ತೋಟಗಳಿಗೆ ಹೋಗಿ, ಮರ ನೋಡಿ, ಇಡೀ ಫಸಲಿಗೆ ಮಾತಾಡಿ, ಹಣ್ಣಾದ ಮೇಲೆ ಕೊಯ್ಯಿಸಿ ಮೈಸೂರಿನ ಲಾರಿ ಹತ್ತಿಸುವುದು ನನ್ನ ಕಸುಬು. ಅಪ್ಪ ನನಗೆ ಬಿಟ್ಟುಹೋದ ಆಸ್ತಿ ಅವರ ದೊಡ್ಡ ದನಿ ಮಾತ್ರ. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತು ಕೂಗಲು ಬಳಸಿ ಬಳಸಿಯೇ ನಾನು ಮೇಲೆ ಬಂದದ್ದು.

ದುಬಾರೆಯ ಹತ್ತಿರ, ಕಾವೇರಿಯ ದಂಡೆಯ ಮೇಲೆ ಒಬ್ಬ ನಿವೃತ್ತ ಹವಾಲ್ದಾರರ ತೋಟವಿತ್ತು. ಅವರ ಕಿತ್ತಳೆ ಕೇಳಲು ಹೋದಾಗ, ಎಲ್ಲ ಕಡೆ ಮಾಡುವಂತೆ ಅಲ್ಲಿಯೂ ಮೊದಲೇ ಬಣ್ಣ ತಿರುಗಿದ್ದ ಒಂದು ಹಣ್ಣು ಸುಲಿದು ತಿಂದು, ಮುಖ ಕಿವುಚಿ, "ಹುಳಿ ಸ್ವಲ್ಪ ಜಾಸ್ತಿಯೇ" ಎಂದೆ. ಜಗಲಿಯಲ್ಲಿ ಕಾಫಿ ಬೀಜ ಆರಿಸುತ್ತಿದ್ದ ಅವರ ಮಗಳು ತಲೆ ಎತ್ತದೆ ಹೇಳಿದಳು: "ಹುಳಿ ಅಂತ ಹೇಳ್ತಾ ಇನ್ನೊಂದು ಸುಲೀತಾ ಇದ್ದೀರಲ್ಲ, ಹೊಟ್ಟೆ ಕೆಟ್ಟೀತು."

ನನ್ನ ಕೈ ನೋಡಿಕೊಂಡೆ. ಸುಲಿಯುತ್ತಿದ್ದದ್ದು ನಿಜ. ವ್ಯಾಪಾರದಲ್ಲಿ ನನ್ನನ್ನು ಹಾಗೆ ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ. ಇಂಥವಳು ಎದುರು ಪಕ್ಷದಲ್ಲಿದ್ದರೆ ನನಗೆ ಉಳಿಗಾಲವಿಲ್ಲ, ನಮ್ಮ ಮನೆಗೇ ಬರಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಅಮ್ಮನನ್ನು ಕರೆದುಕೊಂಡು ಹೆಣ್ಣು ಕೇಳಲು ಹೋದೆ. ಹವಾಲ್ದಾರರು ನಮ್ಮ ಮನೆತನ ವಿಚಾರಿಸಲಿಲ್ಲ, ಜಮೀನು ವಿಚಾರಿಸಲಿಲ್ಲ. "ಮೋಸೆಲ್ ಕೇಳಿದ್ದೀಯಾ?" ಎಂದರು.

ಅವರು ಮಹಾಯುದ್ಧದಲ್ಲಿ ಸೆರೆ ಸಿಕ್ಕವರು. ಜರ್ಮನಿಯಲ್ಲಿ ಮೋಸೆಲ್ ಎಂಬ ನದಿಯ ಕಣಿವೆಗೆ ಹೋಗಿ ಬಿದ್ದು, ಯುದ್ಧ ಮುಗಿಯುವವರೆಗೆ ಅಲ್ಲಿನ ದ್ರಾಕ್ಷಿತೋಟದಲ್ಲಿ ದುಡಿದವರು. ಬಂದ ಮೇಲೆ ಅವರಿಗೆ ಊರಿನ ಯಾವುದೂ ರುಚಿಸುತ್ತಿರಲಿಲ್ಲ. ಮಳೆ ಬಂದರೆ ಮೋಸೆಲ್ಲಿನ ಮಳೆ ತೆಳ್ಳಗೆ, ಮೀನು ತಂದರೆ ಮೋಸೆಲ್ಲಿನ ಮೀನು ದಪ್ಪ.

"ಇಳಿಜಾರು ಅಂದ್ರೆ ಎಂಥ ಇಳಿಜಾರು ಗೊತ್ತುಂಟಾ? ಬೆನ್ನಿಗೆ ಬುಟ್ಟಿ ಕಟ್ಕೊಂಡು ಹತ್ತಿದ್ರೆ ಮೂಗು ನೆಲಕ್ಕೆ ತಾಗ್ತದೆ. ಮಣ್ಣೇ ಇಲ್ಲ ಮಾರಾಯ, ಬರೀ ಸ್ಲೇಟು ಕಲ್ಲು! ಹಗಲು ಬಿಸಿಲು ಕುಡೀತದೆ, ರಾತ್ರಿ ಬೇರಿಗೆ ಶಾಖ ಕೊಡ್ತದೆ. ಕೆಳಗೆ ನದಿ ಕನ್ನಡಿ ಇದ್ದ ಹಾಗೆ, ಬಿಸಿಲನ್ನ ತಿರುಗಿ ಗುಡ್ಡಕ್ಕೇ ಎಸೀತದೆ. ಒಂದೊಂದು ಗಿಡಕ್ಕೆ ಒಂದೊಂದು ಕೋಲು. ಬಳ್ಳಿ ಬಗ್ಗಿಸಿ ಹೃದಯದ ಆಕಾರ ಮಾಡಿ ಕಟ್ಟಬೇಕು. ನೆರಳು ಅನ್ನೋ ಮಾತೇ ಇಲ್ಲ."

"ಅಷ್ಟು ಬಿಸಿಲು ಯಾಕಂತೆ?" ಎಂದರು ಅಮ್ಮ.

"ಚಳಿ ದೇಶ ಅಕ್ಕ. ಅಲ್ಲಿ ಬಿಸಿಲಿಗೂ ರೇಷನ್. ಹಣ್ಣು ನಿಧಾನ ಮಾಗ್ತದೆ, ಮಂಜು ಬೀಳುವಾಗ ಕೊಯ್ಲು. ಅದಕ್ಕೇ ಆ ವೈನಿಗೆ ಅಷ್ಟು ನಾಜೂಕು. ತೆಳ್ಳಗೆ, ಚೂರು ಹುಳಿ. ನಾಲಗೆ ಮೇಲೆ ಇಟ್ರೆ ಹೊಳೆ ದಾಟಿ ಬಂದ ಗಾಳಿ ಹಾಗೆ."

ಮನೆಯ ಕೆಳಗೆ ನದಿಯವರೆಗೆ ದಕ್ಷಿಣಕ್ಕೆ ಮುಖ ಮಾಡಿದ ಒಂದು ಕಲ್ಲು ಇಳಿಜಾರು ಇತ್ತು. ಅದನ್ನು ತೋರಿಸಿ ಹವಾಲ್ದಾರರು ಷರತ್ತು ಹೇಳಿದರು: ಅಲ್ಲಿ ಬೆಳೆದ ದ್ರಾಕ್ಷಿಯಿಂದ ಮೋಸೆಲ್ಲಿನಂಥ ವೈನು ಒಂದು ಬಾಟಲಿ ತಂದುಕೊಟ್ಟರೆ ಮಗಳನ್ನು ಕೊಡುವುದು. ಒಳಗಿನಿಂದ ಅವರ ಹೆಂಡತಿ, "ಇವರಿಗೆ ಅಳಿಯ ಬೇಡ, ಕೂಲಿ ಆಳು ಬೇಕು" ಎಂದದ್ದು ಎಲ್ಲರಿಗೂ ಕೇಳಿಸಿತು.

ದಾರಿಯಲ್ಲಿ ಅಮ್ಮ, "ಆ ಹೊಳೆಯ ಹೆಸರಲ್ಲೇ ಮೋಸ ಉಂಟು ಮಗಾ, ಬೇರೆ ಹೆಣ್ಣು ನೋಡುವ" ಎಂದರು. ನಾನು ಆಗಲೇ ದ್ರಾಕ್ಷಿ ಕಡ್ಡಿಗೆ ಯಾರನ್ನು ಹಿಡಿಯಬೇಕೆಂದು ಯೋಚಿಸುತ್ತಿದ್ದೆ. ಷರತ್ತು ಎಷ್ಟೇ ಹುಚ್ಚಾಗಿರಲಿ, ಎದುರಿನವರು ಷರತ್ತು ಹಾಕಿದರೆಂದರೆ ಕೊಡುವ ಮನಸ್ಸು ಉಂಟೆಂದು ಅರ್ಥ. ಇದನ್ನು ಬರೆದಿಟ್ಟುಕೊಳ್ಳಿ. ಕೊಡಲೇಬಾರದೆಂದಿರುವವರು ಒಳ್ಳೆ ಮಾತಾಡಿ ಕಳಿಸುತ್ತಾರೆ.

ಬೆಂಗಳೂರಿನ ಒಂದು ನರ್ಸರಿಯವರಿಗೆ ಕಿತ್ತಳೆ ಬುಟ್ಟಿ ಕೊಟ್ಟು ದ್ರಾಕ್ಷಿ ಕಡ್ಡಿ ತಂದೆ. ಸ್ಲೇಟು ಕಲ್ಲಿನದೇ ಕಷ್ಟ. ನಮ್ಮ ಗುಡ್ಡದಲ್ಲಿ ಅದು ಎಲ್ಲಿಂದ ಬರಬೇಕು? ಒಂದು ಶಾಲೆಯ ಮೂಲೆಯಲ್ಲಿ ಒಡೆದ ಸ್ಲೇಟುಗಳ ರಾಶಿ ಕಂಡಾಗ ನನ್ನ ತಲೆ ಓಡಿತು. ಒಡೆದ ಸ್ಲೇಟು ತಂದವರಿಗೆ ಕಿತ್ತಳೆ ಎಂದು ಹತ್ತಿರದ ಊರುಗಳಲ್ಲೆಲ್ಲ ಹೇಳಿಸಿದೆ. ಮೂಟೆ ಮೂಟೆ ಬಂತು. ಆಮೇಲೆ ಹೆಡ್‌ಮಾಸ್ತರರೂ ಬಂದರು.

"ನೀವು ಕಿತ್ತಳೆ ಕೊಡೋಕೆ ಶುರು ಮಾಡಿದ ಮೇಲೆ ಒಂದು ಕ್ಲಾಸಲ್ಲೂ ಇಡೀ ಸ್ಲೇಟಿಲ್ಲ ಸ್ವಾಮಿ. ಮಕ್ಕಳು ಮಗ್ಗಿ ಬರೆಯೋದು ಎಲ್ಲಿ, ನಿಮ್ಮ ಬೆನ್ನ ಮೇಲಾ?"

ಅವರನ್ನು ಸಮಾಧಾನ ಮಾಡಲು ಇನ್ನೊಂದಿಷ್ಟು ಕಿತ್ತಳೆ ಹೋಯಿತು. ಆದರೆ ಇಳಿಜಾರು ಕರ್ರಗೆ ಹೊಳೆಯತೊಡಗಿತು. ಅಲ್ಲಲ್ಲಿ ಅಳಿಸದ ಅಆಇಈ. ಹವಾಲ್ದಾರರು ಮೇಲೆ ನಿಂತು ಸೆಲ್ಯೂಟ್ ಹೊಡೆಯುವುದೊಂದು ಬಾಕಿ.

ಗಿಡ ನೆಡುವ ದಿನ ಆಳುಗಳಿಗೆ ತಲೆನೋವು. ಕಾಫಿಗೆ ನೆರಳು ಬೇಕು, ಏಲಕ್ಕಿಗೆ ನೆರಳು ಬೇಕು, ಬಳ್ಳಿ ಎಂದರೆ ಅದಕ್ಕೊಂದು ಮರ ಬೇಕು. ಕೊಡಗಿನಲ್ಲಿ ಹುಟ್ಟಿದವರ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಬಿಡಿಸಲೂ ಆಗುವುದಿಲ್ಲ. ಹವಾಲ್ದಾರರು ಊಟಕ್ಕೆ ಹೋದ ಹೊತ್ತಿನಲ್ಲಿ ಉಳಿದ ಕೆಲವು ಕಡ್ಡಿಗಳನ್ನು ಆಳುಗಳು ಇಳಿಜಾರಿನ ಅಂಚಿನ ಹಾಲುವಾಣ ಮರಗಳ ಬುಡದಲ್ಲಿ, ಕಾಳುಮೆಣಸು ನೆಟ್ಟ ಹಾಗೆ ನೆಟ್ಟು, ಮರಕ್ಕೆ ಬಿಗಿದು ಕಟ್ಟಿದ್ದರು. ಹವಾಲ್ದಾರರು ತಿರುಗಿ ಬಂದು ನೋಡಿ ಕೂಗಾಡಿದರು.

"ಎಂತ ಇದು? ದ್ರಾಕ್ಷಿಯಾ, ಒಳ್ಳೆಮೆಣಸಾ? ಮೋಸೆಲ್ಲಿನವರು ನೋಡಿದ್ರೆ ಹೊಳೆಗೆ ಹಾರ್ತಾರೆ!"

"ಇರ್ಲಿ ಬಿಡಿ ಹವಾಲ್ದಾರ್ರೇ, ಹೇಗೂ ಬಿಸಾಡೋ ಕಡ್ಡಿ" ಎಂದೆ. ಬಿಸಾಡುವ ಸರಕು ನನ್ನ ಕೈಯಲ್ಲಿ ಯಾವತ್ತೂ ಇದ್ದಿಲ್ಲ.

ಬೇಸಿಗೆ ಬಂತು. ಸ್ಲೇಟು ಬಿಸಿಲು ಕುಡಿಯಿತು. ಚಳಿ ದೇಶದಲ್ಲಿ ಕುಡಿದರೆ ಬೇರಿಗೆ ಬೆಚ್ಚಗಾದೀತು. ಇಲ್ಲಿ ಅದರ ಮೇಲೆ ಹಪ್ಪಳ ಸುಡಬಹುದಿತ್ತು. ಹೃದಯದ ಆಕಾರದಲ್ಲಿ ಕಟ್ಟಿದ್ದ ಬಳ್ಳಿಗಳು ಅದೇ ಆಕಾರದಲ್ಲಿ ಒಣಗಿದವು. ಅಷ್ಟರಲ್ಲೂ ಉಳಿದವಕ್ಕೆ ಮಳೆಗಾಲದಲ್ಲಿ ಬೂದಿ ಬಳಿದಂಥ ರೋಗ ಹತ್ತಿತು. ನೀವು ಯಾರಾದರೂ ದ್ರಾಕ್ಷಿ ಹಾಕುವವರಿದ್ದರೆ ಕೇಳಿ: ಬೇರೆ ಊರಿನ ಕಡ್ಡಿ ತರಬಹುದು, ಬೇರೆ ಊರಿನ ಸೂರ್ಯನನ್ನು ತರಲಾಗುವುದಿಲ್ಲ.

ಹಾಲುವಾಣಕ್ಕೆ ಕಟ್ಟಿದ ಬಳ್ಳಿಗಳು ಮಾತ್ರ ಯಾರ ಗೊಡವೆಯೂ ಇಲ್ಲದೆ ಮೇಲೆ ಹೋದವು. ಮರುವರ್ಷ ಬೇಸಿಗೆಗೆ ಅವುಗಳಲ್ಲಿ ಕಾಯಿ ಬಿಟ್ಟಿತು, ಕತ್ತು ನೋಯುವಷ್ಟು ಎತ್ತರದಲ್ಲಿ. ಅದೇ ಹೊತ್ತಿಗೆ ಕುಟ್ಟದ ಕಡೆಯ ಒಬ್ಬ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಹವಾಲ್ದಾರರ ಮನೆಗೆ ಹೆಣ್ಣು ನೋಡಲು ಬರುತ್ತಾನೆಂಬ ಸುದ್ದಿಯೂ ಬಂತು. ಸೈಕಲ್ ಉಂಟಂತೆ, ಇಂಗ್ಲಿಷ್ ಬರುತ್ತದಂತೆ. ನಾನು ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಹಾಕಿ ಹತ್ತಿದೆ. ಗಿಳಿಗಳು ನನಗಿಂತ ಮುಂಚೆಯೇ ವ್ಯಾಪಾರ ಮುಗಿಸಿದ್ದವು. ಅವು ಬಿಟ್ಟದ್ದು ಅರ್ಧ ಬುಟ್ಟಿ.

ಕೆಳಗೆ ಏಣಿ ಹಿಡಿದಿದ್ದವಳು ಹವಾಲ್ದಾರರ ಮಗಳು. "ಹುಳಿ ಉಂಟಾ?" ಎಂದು ಕೇಳಿದಳು. ಈ ಸಲ ನಾನು ತಿಂದು ನೋಡಲಿಲ್ಲ.

ಅಮ್ಮ ಅದನ್ನು ಕಿವುಚಿ, ಸಕ್ಕರೆ ಹಾಕಿ, ಭರಣಿಯಲ್ಲಿಟ್ಟು, ಹುಳಿ ಬಂದ ಮೇಲೆ ಸೋಸಿ ಒಂದು ಬಾಟಲಿ ತುಂಬಿದರು. ಉಳಿದ ಸಿಪ್ಪೆ ಚೆಲ್ಲಲು ಮನಸ್ಸು ಬಾರದೆ, ಅದಕ್ಕೆ ಕುದಿಸಿ ಆರಿಸಿದ ನೀರು ಹೊಯ್ದು ಮತ್ತೆ ಕೊಳೆಹಾಕಿ, ಹಿಂಡಿ, ಇನ್ನೊಂದು ಬಾಟಲಿ ಮಾಡಿದರು. ಮೊದಲನೆಯದಕ್ಕೆ ನಾನೇ ಬಿರಡೆಯನ್ನು ಬಡಿದು ಬಡಿದು ಕೂರಿಸಿದೆ. ರೈಟರ್ ಬರುವ ಎರಡು ದಿನ ಮುಂಚೆ ಅದು ಅಟ್ಟದ ಮೇಲೆ ಸಿಡಿದು ಚೂರಾಯಿತು. ಉಳಿದದ್ದು ಸಿಪ್ಪೆನೀರು.

ಅದನ್ನೇ ಹಿಡಿದುಕೊಂಡು ಹೋದೆ. ಸರಕಿನಲ್ಲಿ ಊನವಿದ್ದರೆ ಕೊಳ್ಳುವವರು ಕಾಣುವ ಮೊದಲು ನೀವೇ ಹೇಳಿಬಿಡಿ. ಅವರ ಬಾಯಿ ಅರ್ಧ ಕಟ್ಟಿದಂತೆ. ನಾನು ಎಲ್ಲವನ್ನೂ ಹೇಳಿದೆ: ಹಾಲುವಾಣದ ಹಣ್ಣು, ಒಡೆದ ಬಾಟಲಿ, ಇದು ಸಿಪ್ಪೆಗೆ ನೀರು ಹಾಕಿದ್ದು.

ಹವಾಲ್ದಾರರು ಗಾಜಿನ ಲೋಟಕ್ಕೆ ಬಗ್ಗಿಸಿ, ಮೂಸಿ, ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಇನ್ನೊಂದು ಗುಟುಕು.

"ಇದೇ," ಎಂದರು. "ಇದೇ ಮಾರಾಯ! ಬುಟ್ಟಿ ಇಳಿಸಿ ಕಲ್ಲಿನ ಮೇಲೆ ಕೂತಾಗ ಡಬ್ಬದಲ್ಲಿ ಕೊಡ್ತಿದ್ರು. ಇದೇ ರುಚಿ!"

ಅವರ ಹೆಂಡತಿ ಬಾಗಿಲಿಗೆ ಬಂದರು. "ಅವ ಸಿಪ್ಪೆನೀರು ಅಂತಿದ್ದಾನಲ್ಲ?"

"ಹೌದು."

"ಅಂದ್ರೆ ಅಲ್ಲಿ ನಿಮಗೆ ಕೊಡ್ತಿದ್ದದ್ದೂ ಸಿಪ್ಪೆನೀರೇ?"

ಹವಾಲ್ದಾರರು ಲೋಟ ನೋಡಿದರು. "ಸೆರೆಯವರಿಗೆ ಒಳ್ಳೇದು ಯಾರು ಕೊಡ್ತಾರೆ," ಎಂದರು ಸಣ್ಣಗೆ.

"ಇಷ್ಟು ವರ್ಷ ನನ್ನ ಅಡುಗೆಗೆಲ್ಲ ಹೆಸರಿಟ್ಟದ್ದು ಆ ಸಿಪ್ಪೆನೀರು ಕುಡಿದ ನಾಲಗೆಯಲ್ಲಾ?"

ಎದುರು ಪಕ್ಷದವರು ತಮ್ಮತಮ್ಮಲ್ಲೇ ಚೌಕಾಸಿಗೆ ಇಳಿದಾಗ ನಡುವೆ ಬಾಯಿ ಹಾಕುವಷ್ಟು ಎಳೆಯ ವ್ಯಾಪಾರಿ ನಾನಲ್ಲ.

"ಮಾತು ಮಾತೇ," ಎಂದರು ಹವಾಲ್ದಾರರು ಕೊನೆಗೆ. "ಕೇಳಿದ ರುಚಿ ತಂದಿದ್ದಾನೆ. ರೈಟರಿಗೆ ಬರೋದು ಬೇಡ ಅಂತ ಹೇಳಿಕಳಿಸುವ."

"ಹುಡುಗಿಯನ್ನ ಕೇಳ್ಬೇಡ್ವಾ?" ಎಂದರು ಹೆಂಡತಿ.

ಹುಡುಗಿ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು. ಆ ಮನೆಯಲ್ಲಿ ಮೊದಲ ಲೋಟ ಯಾವಾಗಲೂ ಹವಾಲ್ದಾರರಿಗೆ. ಅವರು ಅಭ್ಯಾಸದಂತೆ ಕೈ ಚಾಚಿದರು. ಅವಳು ಅವರನ್ನು ದಾಟಿ ಬಂದು ಲೋಟವನ್ನು ನನ್ನ ಮುಂದೆ ಇಟ್ಟಳು.

"ಅಪ್ಪನಿಗೆ ಮೊದಲು ಕೊಡೇ!" ಎಂದರು ಅವಳ ಅಮ್ಮ.

"ಅಪ್ಪ ಮೊದಲು ಆ ಸಿಪ್ಪೆನೀರು ಮುಗಿಸ್ಲಿ," ಎಂದಳು.