ಸತ್ತಿಲ್ಲ, ಸುಮ್ಮನಿದೆ ಅನುಸೂಯಾರ ಕಂಪ್ಯೂಟರ್

ಬೆಳಗಿನ ನಾಲ್ಕೂ ಮುಕ್ಕಾಲು. ವಿಜಯವಾಡದ ಗವರ್ನರ್‌ಪೇಟೆ. ಮೂರನೆಯ ಮಹಡಿಯ ಕೋಣೆಯೊಂದರಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬರು ನೆಲದ ಮೇಲೆ ಬೋರಲು ಮಲಗಿದ್ದಾರೆ. ಕಿವಿಗೊಂದು ಉಕ್ಕಿನ ಕಡ್ಡಿ. ಕಡ್ಡಿಯ ಇನ್ನೊಂದು ತುದಿ ದಪ್ಪ ನಿಘಂಟಿನ ಗಾತ್ರದ ಕಪ್ಪು ಲೋಹದ ಪೆಟ್ಟಿಗೆಯ ಮೇಲಿದೆ. ಉಸಿರು ಬಿಗಿಹಿಡಿದಿದ್ದಾರೆ. ಈ ಹೊತ್ತಿನಲ್ಲಿ ಅವರ ಶಿಸ್ತು ಗೋಡೆಯ ಹಲ್ಲಿಗೂ ಗೊತ್ತು. ಅದು ಲೊಚಗುಟ್ಟಿ ಆರು ವರ್ಷವಾಯಿತು.

“ಸಿಂಯ್ ಅಂತೈತಿ,” ಎಂದು ಎದ್ದು ಕೂರುತ್ತಾರೆ ಅನುಸೂಯಾ. ಮುಖದಲ್ಲಿ ಜಗತ್ತಿನ ಬೇಸರವೆಲ್ಲ ಒಟ್ಟಿಗೇ ಬಂದು ಕೂತಿದೆ. “ಸೊಳ್ಳಿ ಸಾಲಿಗೆ ಹೊಂಟಂಗ ಸಿಂಯ್! ಇದು ನಾಕನೇ ಬೋರ್ಡ್ ರೀ. ಮೂರು ವಾಪಸ್ ಕೊಟ್ಟೀನಿ. ಇವತ್ತ ಇದನ್ನೂ ಒಯ್ದು ಅವನ ಮುಂದ ಕುಕ್ಕತೀನಿ.”

ಸದ್ದೇ ಇಲ್ಲದ ಕಂಪ್ಯೂಟರ್ ಕಟ್ಟಿ ಮಾರುವುದು ಅನುಸೂಯಾರ ಕಸುಬು. ಅವನು ಎಂದರೆ ಬಿಡಿಭಾಗ ಕೊಡುವ ಕೆಳಗಿನ ಸಗಟು ಅಂಗಡಿಯವನು. ಕಂಪ್ಯೂಟರಿನೊಳಗಿನ ಫ್ಯಾನುಗಳನ್ನೆಲ್ಲ ಕಿತ್ತುಹಾಕಿದ ಮೇಲೂ ಬೋರ್ಡಿನ ಮೇಲಿನ ತಂತಿಸುರುಳಿಯೊಂದು ಕರೆಂಟು ಹರಿಯುವಾಗ ಸಣ್ಣಗೆ ಹಾಡುತ್ತದೆ ಎಂದು ಆತನಿಗೆ ಹನ್ನೊಂದು ವರ್ಷದಿಂದ ಹೇಳುತ್ತಲೇ ಇದ್ದಾರೆ. ಆತನ ಉತ್ತರವೂ ಹನ್ನೊಂದು ವರ್ಷದಿಂದ ಒಂದೇ: “ಮೇಡಂ ಗಾರೂ, ಫ್ಯಾನೇ ಇಲ್ಲದ ಕಡೆ ಸದ್ದು ಎಲ್ಲಿಂದ ಬರುತ್ತೆ ಅಂಡಿ? ನಿಮ್ಮ ಕಿವೀಲೇ ಏನೋ ಇದೆ.”

ಕಿವಿಯಲ್ಲಿ ಏನೋ ಇರುವುದಂತೂ ನಿಜ. ಇಡೀ ಕೃಷ್ಣಾ ತೀರದಲ್ಲಿ ಅಂಥ ಇನ್ನೊಂದು ಜೊತೆ ಕಿವಿ ಸಿಗುವುದಿಲ್ಲ. ಇರುವೆ ಕಾಲು ಉಳುಕಿಸಿಕೊಂಡರೆ ಯಾವ ಕಾಲು ಎಂದು ಹೇಳಬಲ್ಲರು. ಆದರೆ ಆ ಕಿವಿಗೆ ಕೆಲಸ ಸಿಗುವುದು ದಿನಕ್ಕೆ ನಲವತ್ತು ನಿಮಿಷ ಮಾತ್ರ. ಐದೂವರೆಗೆ ಮೊದಲ ಆಟೋ ಕೆಮ್ಮುತ್ತದೆ, ಅದಕ್ಕೆ ಇನ್ನೊಂದು ಉತ್ತರ ಕೊಡುತ್ತದೆ, ಹೋಟೆಲಿನವರು ಪಾತ್ರೆ ಎಸೆಯುತ್ತಾರೆ. ಆರಕ್ಕೆ ಗವರ್ನರ್‌ಪೇಟೆಯಲ್ಲಿ ಪಕ್ಕದಲ್ಲೇ ಗುಡ್ಡ ಕುಸಿದರೂ ಯಾರೂ ತಿರುಗಿ ನೋಡುವುದಿಲ್ಲ.

ಹಾಗಾದರೆ ಮನೆಯಲ್ಲೇ ಕೇಳಬಾರದೇ? ಕೇಳಿದರೆ ರೇಗುತ್ತಾರೆ. ಮನೆ ಇರುವುದು ಇಬ್ರಾಹಿಂಪಟ್ನಂನಲ್ಲಿ, ಕಾಂಪೌಂಡಿಗೆ ಒರಗಿ ಒಂದು ಟ್ರಾನ್ಸ್‌ಫಾರ್ಮರ್. ಅದು ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಆದ್ದರಿಂದ ಮೌನ ಹುಡುಕಿಕೊಂಡು ಊರ ಅತ್ಯಂತ ಗದ್ದಲದ ಪೇಟೆಗೆ ಮೊದಲ ಬಸ್ಸಿನಲ್ಲಿ ಬರುವ ಏಕೈಕ ಮನುಷ್ಯಪ್ರಾಣಿ ಈಕೆ. ಕಂಡಕ್ಟರನಿಗೆ ಇವರು ಹೂವಿನ ವ್ಯಾಪಾರಿ ಎಂಬ ನಂಬಿಕೆ. ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಿದ್ದಾರೆ.

ಗದಗಿನ ಹುಡುಗಿ, ಎಲೆಕ್ಟ್ರಾನಿಕ್ಸ್ ಓದಿದವರು. ಪತಿ ಪ್ರಭಾಕರ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಎಂಜಿನಿಯರ್. ಎಲ್ಲ ಶುರುವಾದದ್ದು ಅವರ ನಿದ್ದೆಯಿಂದ. “ರಾತ್ರಿಯೆಲ್ಲಾ ಮನಿಯಷ್ಟು ದೊಡ್ಡ ಟರ್ಬೈನ್ ಬಾಜೂಕ ನಿಂತ ಬರ್ತಾರ. ಆಗ ಏನೂ ಆಗೂದಿಲ್ಲ. ಮನ್ಯಾಗ ಕಂಪ್ಯೂಟರ್‌ದಾಗಿನ ಅಂಗೈಯಷ್ಟು ಫ್ಯಾನ್ ತಿರಗಿದ್ರ ನಿದ್ದಿ ಬರೂದಿಲ್ಲಂತ! ಏನ್ ಗಂಡಸರೋ ಏನೋ.” ಸಿಟ್ಟಿಗೆದ್ದು ಫ್ಯಾನನ್ನೇ ಕಿತ್ತರು. ಕಂಪ್ಯೂಟರ್ ಒಂಬತ್ತು ನಿಮಿಷದಲ್ಲಿ ಹುತಾತ್ಮವಾಯಿತು. ಎರಡನೆಯದು ಹನ್ನೆರಡು ನಿಮಿಷ ಹೋರಾಡಿತು. ಮೂರನೆಯದಕ್ಕೆ ಕಡಿಮೆ ಕರೆಂಟು ನುಂಗುವ ಚಿಪ್ಪು ಹುಡುಕಿ, ಅದರ ಬೆನ್ನಿಗೆ ತಾಮ್ರದ ಪಟ್ಟಿ ಬೆಸೆದು, ಬಿಸಿಯನ್ನೆಲ್ಲ ಲೋಹದ ಮೈಗೇ ಹರಿಸಿದರು. ಅದು ಇವತ್ತಿಗೂ ನಡೆಯುತ್ತಿದೆ. ಪ್ರಭಾಕರ ಇವತ್ತಿಗೂ ಗೊರಕೆ ಹೊಡೆಯುತ್ತಾರೆ, ಕಾಂಪೌಂಡಿನ ಒಳಗೆ ಈಗ ಅದೊಂದೇ ಸದ್ದು.

ಕಿವಿಗಿಡುವ ಕಡ್ಡಿಯ ವಿದ್ಯೆ ಪ್ರಭಾಕರರದೇ. ದೊಡ್ಡ ಯಂತ್ರದ ಬೇರಿಂಗಿಗೆ ಕಡ್ಡಿ ಊರಿ, ಕಿವಿಗೊಟ್ಟು, ಒಳಗಿನ ಕಾಯಿಲೆ ಹಿಡಿಯುವುದು ಸ್ಥಾವರದ ಹಳೆಯ ಪದ್ಧತಿ. ಹೆಂಡತಿ ಅದನ್ನು ಉಗುರಿನಷ್ಟು ಚಿಪ್ಪಿಗೆ ಇಳಿಸಿದ್ದಾರೆ. ಸುಮ್ಮನೆ ಕೂತಾಗ ಇವರ ಪೆಟ್ಟಿಗೆ ಉಣ್ಣುವುದು ಹನ್ನೊಂದು ವ್ಯಾಟ್. ಪಕ್ಕದ ಅಂಗಡಿಯ ಮಾಮೂಲಿ ಕಂಪ್ಯೂಟರ್ ಅರವತ್ತು ದಾಟುತ್ತದೆ. ಕರೆಂಟು ಹೋದರೆ ಅದು ಯುಪಿಎಸ್ ಮೇಲೆ ಅರ್ಧ ಗಂಟೆ ಏದುಸಿರು ಬಿಡುತ್ತದೆ, ಇವರದು ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟು ಕಾಲ ಓಡುತ್ತದೆ. “ನಾವು ಅಲ್ಲಿ ಟನ್‌ಗಟ್ಟಲೆ ಕಲ್ಲಿದ್ದಲು ಸುರೀತೀವಿ, ನೀ ಇಲ್ಲಿ ಚಮಚಾದಾಗ ಉಳಸ್ತಿ,” ಎಂದು ಪ್ರಭಾಕರ ಕಿಚಾಯಿಸುತ್ತಾರೆ. “ಸುರಿಯೂದು ಯಾರಿಗೂ ಬರ್ತದ, ಉಳಸೂದು ಬರೂದಿಲ್ಲ. ಹೋಗಿ ಮಕ್ಕೋರಿ,” ಎನ್ನುತ್ತಾರೆ ಇವರು.

ಹನ್ನೊಂದು ವರ್ಷ, ಇನ್ನೂರಾ ಹದಿನಾರು ಯಂತ್ರ, ಇನ್ನೂರಾ ಹದಿನಾರು ತಲೆನೋವು. ಕಾಲೇಜು ಹುಡುಗರು ಬಂದು ಏಳು ಬಣ್ಣದ ಫ್ಯಾನು ಕೇಳುತ್ತಾರೆ. ವಕೀಲರೊಬ್ಬರು ಒಂದೇ ವಾರದಲ್ಲಿ ಪೆಟ್ಟಿಗೆ ಹಿಂದಕ್ಕೆ ತಂದರು. ಸದ್ದಿಲ್ಲದಿದ್ದರೆ ಕಕ್ಷಿದಾರರಿಗೆ ಕೆಲಸ ನಡೆಯುತ್ತಿದೆ ಅಂತ ಹೇಗೆ ಗೊತ್ತಾಗಬೇಕು ಎಂಬುದು ಅವರ ವಾದ. “ಅವ್ರ ಸಲುವಾಗಿ ಒಳಗ ಒಂದು ಗಿರಣಿ ಕುಂದ್ರಸಬೇಕಿತ್ತೇನ್ರಿ?”

ಇವೆಲ್ಲ ಚಿಲ್ಲರೆ ಸಂಕಟ. ಈ ವರ್ಷ ಬಂದದ್ದು ದೊಡ್ಡದು, ಅದು ಬಂದದ್ದು ವಿಶಾಖಪಟ್ಟಣದಿಂದ.

ಅಲ್ಲಿನ ಒಂದು ಚಿಕ್ಕ ಶ್ರವಣ ತಪಾಸಣಾ ಕೇಂದ್ರದಲ್ಲಿ ಇಂಚರಾ ಎಂಬ ಹುಡುಗಿ ಕೆಲಸ ಮಾಡುತ್ತಾಳೆ. ಮೈಸೂರಿನವಳು, ಎರಡು ವರ್ಷದ ಮಟ್ಟಿಗೆ ಬಂದವಳು. ಆರು ವರ್ಷದ ಹೇಮಾಕ್ಷಿ ಎಂಬ ಮಗುವಿಗೆ ಕಿವಿ ಪರೀಕ್ಷೆ ಮಾಡಿದಾಗ ಎರಡೂ ಕಿವಿಯಲ್ಲಿ ಸಣ್ಣ ದೋಷ ಕಂಡಿತು. ಶ್ರವಣಯಂತ್ರ ಕೂರಿಸಲು ತೀರ್ಮಾನವೂ ಆಯಿತು. ಇಂಚರಾಗೆ ಮಾತ್ರ ಅನುಮಾನ. ದೋಷ ಕಂಡದ್ದು ಗುಂಯ್‌ಗುಡುವ ತಗ್ಗುದನಿಗಳಲ್ಲಿ ಮಾತ್ರ. ಪರೀಕ್ಷೆಯ ಸದ್ದು ಹೊರಡಿಸುವ ಹಳೆಯ ಕಂಪ್ಯೂಟರಿನ ಫ್ಯಾನೂ ಗುಂಯ್ ಎನ್ನುತ್ತಿತ್ತು. ಮಗುವಿಗೆ ಕಿವಿ ಕೇಳಿಸುತ್ತಿಲ್ಲವೋ, ಫ್ಯಾನು ಕೇಳಿಸಗೊಡುತ್ತಿಲ್ಲವೋ?

ಯಾರೋ ಕೊಟ್ಟ ನಂಬರು ಹಿಡಿದು ಅನುಸೂಯಾರಿಗೆ ಫೋನ್ ಮಾಡಿದಳು. ಕೇಂದ್ರದ ಮಾಲೀಕರು ಹತ್ತು ದಿನದ ಅವಕಾಶ ಕೊಟ್ಟರು. ಅಷ್ಟರಲ್ಲಿ ಹೊಸ ಪೆಟ್ಟಿಗೆ ಸರಿಯಾಗಿ ನಡೆಯದಿದ್ದರೆ ಹಳೆಯದೇ ಗತಿ, ಹಳೆಯ ವರದಿಯೇ ಗತಿ, ಹೇಮಾಕ್ಷಿಯ ಕಿವಿಗೆ ಯಂತ್ರ.

ಅನುಸೂಯಾ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಮುನ್ನೂರೈವತ್ತು ಕಿಲೋಮೀಟರು ಹೋದರು, ಕೂರಿಸಿ ಬಂದರು. ಎರಡು ದಿನಕ್ಕೆ ಫೋನು.

“ಆಂಟಿ, ಬೆಳಿಗ್ಗೆ ಬೆಳಿಗ್ಗೆ ಸತ್ತು ಹೋಗ್ತಿದೆ. ನಾನು ಹನ್ನೊಂದು ಗಂಟೆಗೆ ಬಂದು ಆನ್ ಮಾಡಿದ್ರೆ ಸರಿಯಾಗೇ ಇರುತ್ತೆ. ಅಷ್ಟೊತ್ತಿಗೆ ಟೆಸ್ಟಿಗೆ ಬಂದೋರನ್ನೆಲ್ಲ ವಾಪಸ್ ಕಳಿಸ್ಬಿಟ್ಟಿರ್ತಾರೆ.”

“ಸಾಯಾಕ ಅದಕ್ಕೇನು ರಾಹುಕಾಲ ಐತೇನವಾ?” ಎಂದು ಗೊಣಗುತ್ತ ಮತ್ತೆ ರೈಲು ಹತ್ತಿದರು. ಮರುದಿನ ಒಂಬತ್ತಕ್ಕೆ ಕೋಣೆಯ ಮೂಲೆಯಲ್ಲಿ ಪೊಲೀಸರ ಹಾಗೆ ಕಾದು ಕೂತರು. ಹಿಂದಿನ ದಿನದಿಂದ ಆರಿಸದೆ ಬಿಟ್ಟ ಪೆಟ್ಟಿಗೆ ನಡೆಯುತ್ತಲೇ ಇತ್ತು. ಆಗ ಒಳಗೆ ಬಂದರು ಭ್ರಮರಾಂಬ, ಕೇಂದ್ರದ ಸಹಾಯಕಿ. ಪೆಟ್ಟಿಗೆಗೆ ಕಿವಿಗೊಟ್ಟರು. ಸದ್ದಿಲ್ಲ. ಪರದೆ ನೋಡಿದರು. ಕಪ್ಪು, ಏಕೆಂದರೆ ಕರೆಂಟು ಉಳಿಸಲೆಂದು ಅದು ಎರಡೇ ನಿಮಿಷಕ್ಕೆ ಮಲಗುವಂತೆ ಮಾಡಿದ್ದು ಸ್ವತಃ ಅನುಸೂಯಾ! “ಅಯ್ಯೋ ಪಾಪ, ಇನ್ನೂ ಆನ್ ಮಾಡಿಲ್ಲ,” ಎಂದು ಭ್ರಮರಾಂಬ ಗುಂಡಿ ಒತ್ತಿದರು. ನಡೆಯುತ್ತಿದ್ದ ಯಂತ್ರ ಆಜ್ಞೆ ಪಾಲಿಸಿ ಆರಿತು.

“ನೋಡಿದ್ರಾ ಅಮ್ಮಾ,” ಎಂದರು ಭ್ರಮರಾಂಬ ಮರುಕದಿಂದ. “ದಿನಾ ಹೀಗೇ. ಸ್ವಲ್ಪ ಕಣ್ಣು ಬಿಡುತ್ತೆ, ಮತ್ತೆ ಪ್ರಾಣ ಬಿಡುತ್ತೆ. ಯಾರು ಮಾಡಿದ್ದೋ ಏನೋ, ಅವರಿಗೆ ಕೆಲಸವೇ ಬರಲ್ಲ.”

ಅನುಸೂಯಾ ಆ ಕ್ಷಣ ಎಷ್ಟು ಬಿಸಿಯಾದರೆಂದರೆ ವಿಶಾಖಪಟ್ಟಣದ ಸಮುದ್ರ ಎರಡು ಹೆಜ್ಜೆ ಹಿಂದೆ ಸರಿಯಿತು.

ತೆಲುಗಿನಲ್ಲಿ ಚೀಟಿ ಅಂಟಿಸಿದರು: ಇದು ನಡೆಯುತ್ತಿದೆ, ಮುಟ್ಟಬೇಡಿ. ಭ್ರಮರಾಂಬ ಚೀಟಿ ಓದಿದರು, ನಂಬಲಿಲ್ಲ. ಇವರು ಗುಂಡಿಯನ್ನೇ ಬಿಚ್ಚಿಟ್ಟರು. ಭ್ರಮರಾಂಬ ಪ್ಲಗ್ಗು ಕಿತ್ತು ಹಾಕಿದರು. ಇವರು ಪರದೆ ಮಲಗದಂತೆ ಮಾಡಿದರು. ಭ್ರಮರಾಂಬ ಬಂದೊಡನೆ ಪರದೆಯನ್ನೇ ಆರಿಸಿದರು. ಕರೆಂಟು ಸುಮ್ಮನೆ ಹಾಳಾಗುತ್ತದಲ್ಲ! ಅದನ್ನು ಬೈಯಲು ಅನುಸೂಯಾರಿಗೆ ಬಾಯಿ ಬರಲಿಲ್ಲ.

“ಒಂದು ಲೈಟ್ ಹಾಕ್ಬಿಡಿ ಆಂಟಿ,” ಎಂದಳು ಇಂಚರಾ. ಮಿಣುಕುವ ದೀಪ ಹಾಕಿದರೆ ಅದರ ಬೆಳಕು ಗೋಡೆಯ ಮೇಲೂ ಮಿಣುಕಿ, ಪರೀಕ್ಷೆಗೆ ಬಂದ ಮಕ್ಕಳು ಸದ್ದಿಗೆ ಬದಲು ಅದಕ್ಕೇ ಓಗೊಟ್ಟವು. ಮಿಣುಕದ ದೀಪ ಹಾಕಿದರೆ ಭ್ರಮರಾಂಬ ನಕ್ಕರು: “ನಮ್ಮನೆ ಟಿವೀಲಿ ಆಫ್ ಆದಾಗಲೂ ಕೆಂಪು ದೀಪ ಇರುತ್ತಲ್ಲ ಅಮ್ಮಾ.”

ಏಳನೆಯ ದಿನ ಅನುಸೂಯಾ ಇಬ್ರಾಹಿಂಪಟ್ನಂಗೆ ಮರಳಿದರು. ಮೂರು ದಿನ ಉಳಿದಿದೆ. ಊಟದ ತಟ್ಟೆಯ ಮುಂದೆ ಕೂತು ಗಂಡನಿಗೆ ಹೇಳಿದರು: “ನಡಿಯಾಕತ್ತೈತಿ ಅಂತ ಕಣ್ಣಿಗೆ ಕಾಣಬೇಕಂತ, ಸದ್ದು ಆಗಬಾರದು, ಕರೆಂಟು ತಿನಬಾರದು. ಏನ್ ಮಾಡ್ಲಿ, ನಾನ ಹೋಗಿ ಅದರ ಬಾಜೂಕ ನಿಂತು ಕುಣೀಲೇನು?” ಪ್ರಭಾಕರ ಅನ್ನದಿಂದೇಳುವ ಹಬೆ ನೋಡುತ್ತ, “ಬಿಸಿ ಮ್ಯಾಲ ಹೊಂಟೈತಲ್ಲ, ಅದಕ್ಕ ಏನರ ಕಟ್ಟು,” ಎಂದು ಹೇಳಿ ಮಜ್ಜಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಅನುಸೂಯಾ ಪಕ್ಕದ ಕೊಂಡಪಲ್ಲಿಯಲ್ಲಿದ್ದರು, ಮರದ ಗೊಂಬೆ ಮಾಡುವ ಸೀತಾಮಹಾಲಕ್ಷ್ಮಿಯವರ ಜಗುಲಿಯ ಮೇಲೆ. ಬೇಕಾದದ್ದು ಒಂದು ಪುಟ್ಟ ಚಕ್ರ. ಸೂಜಿಯ ಮೊನೆಯ ಮೇಲೆ ಕೂರಬೇಕು. ಕಂಪ್ಯೂಟರಿನ ಮೈಯಿಂದ ಮೇಲೇಳುವ ಬಿಸಿಗಾಳಿಗೇ ತಿರುಗಬೇಕು. ಗೊಂಬೆಗೆ ಬಳಸುವ ಮರವೇ ಹಗುರ, ಅದನ್ನು ಇನ್ನೂ ಕೆತ್ತಬೇಕು. ಮೊದಲನೆಯದು ಅಲುಗಲಿಲ್ಲ. ಎರಡನೆಯದು ಓರೆ. ಮೂರನೆಯದು ಬಣ್ಣ ಬಳಿದದ್ದರಿಂದ ಭಾರವಾಯಿತು. ನಾಲ್ಕನೆಯದು ಅನುಸೂಯಾರ ನಿಟ್ಟುಸಿರಿಗೇ ಹಾರಿ ಚರಂಡಿಗೆ ಬಿತ್ತು.

“ಇಷ್ಟು ತೆಳ್ಳಗೆ ನಾನು ದೇವರಿಗೂ ಕೆತ್ತಿಲ್ಲಮ್ಮಾ,” ಎಂದರು ಸೀತಾಮಹಾಲಕ್ಷ್ಮಿ.

ಐದನೆಯದು, ಈರುಳ್ಳಿ ಸಿಪ್ಪೆಯಷ್ಟು ತೆಳು. ಅನುಸೂಯಾ ಚೀಲದಲ್ಲಿ ತಂದಿದ್ದ ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ಆನ್ ಮಾಡಿ, ಅದರ ಮೇಲೆ ಚಕ್ರವಿಟ್ಟು ಕಾದರು. ಲೋಹದ ಮೈ ಬೆಚ್ಚಗಾದಂತೆ ಚಕ್ರ ಒಮ್ಮೆ ಅನುಮಾನಿಸಿತು, ಆಮೇಲೆ ತಿರುಗತೊಡಗಿತು. ಸದ್ದಿಲ್ಲ, ಒಂದು ಹನಿ ಕರೆಂಟಿನ ಖರ್ಚೂ ಇಲ್ಲ.

ಖುಷಿಪಟ್ಟರೇ? ಇಲ್ಲ. “ಹನ್ನೊಂದು ವರ್ಷ ಫ್ಯಾನ್ ತಗಿಯಾಕ ಜೀವಾ ತೇದೀನಿ ರೀ. ಈಗ ನನ್ನ ಕೈಯಾರ ಅದರ ತಲಿಮ್ಯಾಲ ಫ್ಯಾನ್ ಕುಂದ್ರಸಾಕತ್ತೀನಿ! ನನ್ನ ಹಣೇಬರಹ ಯಾವ ಪುಣ್ಯಾತ್ಮ ಬರದಾನೋ.”

ಹತ್ತನೆಯ ದಿನ. ವಿಶಾಖಪಟ್ಟಣ. ಚಕ್ರ ಮಗುವಿನ ಬೆನ್ನ ಹಿಂದೆ ಬರುವ ಹಾಗೆ ಪೆಟ್ಟಿಗೆ ಇಟ್ಟಿದ್ದಾರೆ. ಒಂಬತ್ತಕ್ಕೆ ಭ್ರಮರಾಂಬ ಒಳಗೆ ಬರುತ್ತಾರೆ, ಕೈ ಚಾಚುತ್ತಾರೆ, ಚಕ್ರ ನೋಡುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. “ಓಹೋ, ನಡೀತಿದೆ,” ಎನ್ನುತ್ತಾರೆ. “ಮೊದಲೇ ಹೀಗೆ ಮಾಡಿಸಿದ್ರೆ ನಿಮಗೆ ಇಷ್ಟು ಓಡಾಟ ಇರ್ತಿರಲಿಲ್ಲ ಅಮ್ಮಾ.” ಅನುಸೂಯಾ ಹಲ್ಲು ಕಚ್ಚಿ ನಗುತ್ತಾರೆ.

ಹೇಮಾಕ್ಷಿ ಎರಡು ಜಡೆ ಹಾಕಿಕೊಂಡು ಅಪ್ಪ ದುರ್ಗಾಪ್ರಸಾದರ ಕೈ ಹಿಡಿದು ಬಂದಿದ್ದಾಳೆ. ಇಂಚರಾ ಫ್ಯಾನು, ಎಸಿ ಎಲ್ಲ ಆರಿಸುತ್ತಾಳೆ. ಮಗುವಿನ ಕಿವಿಗೆ ಹೆಡ್‌ಫೋನು. ಸದ್ದು ಕೇಳಿದಾಗೆಲ್ಲ ಒಂದು ಮಣಿ ಬಟ್ಟಲಿಗೆ ಹಾಕಬೇಕು. ಮೊದಲ ಮಣಿ, ಎರಡನೆಯದು, ಮೂರನೆಯದು. ಈಗ ಹಿಂದೆ ಸೋತಿದ್ದ ತಗ್ಗುದನಿಗಳ ಸರದಿ. ಮಗು ಮಣಿ ಹಿಡಿದು ಕೂತೇ ಇದೆ. ಹಾಕುತ್ತಿಲ್ಲ. ಅನುಸೂಯಾ ಮೂಲೆಯಲ್ಲಿ ಸೆರಗಿನ ತುದಿಯನ್ನು ಕಚ್ಚಿಕೊಂಡಿದ್ದಾರೆ. ದುರ್ಗಾಪ್ರಸಾದ್ ಗೋಡೆ ನೋಡುತ್ತಿದ್ದಾರೆ.

ಟಣ್.

ಇನ್ನೂ ಸಣ್ಣ ಸದ್ದು. ಟಣ್. ಅದಕ್ಕೂ ಸಣ್ಣದು. ಟಣ್. ಇಂಚರಾ ಇನ್ನಷ್ಟು ಇಳಿಸುತ್ತಾಳೆ; ಹೇಮಾಕ್ಷಿ ಕಣ್ಣು ಮುಚ್ಚಿ, ತಲೆ ವಾಲಿಸಿ, ಮಣಿ ಹಾಕುತ್ತಾಳೆ. ಎರಡು ಸಲ ಪರೀಕ್ಷೆ, ಎರಡೂ ಕಿವಿ. ಕೊನೆಗೆ ಇಂಚರಾ ಹೆಡ್‌ಫೋನು ತೆಗೆದು, “ಏನೂ ದೋಷ ಇಲ್ಲ ಸರ್. ಮಿಷನ್ ಬೇಡ,” ಎನ್ನುತ್ತಾಳೆ. ದುರ್ಗಾಪ್ರಸಾದ್ ಮಗಳನ್ನು ಎತ್ತಿಕೊಳ್ಳುತ್ತಾರೆ.

ಆಮೇಲೆ ಕಣ್ಣೊರೆಸಿಕೊಂಡು, ಕೈಯಲ್ಲಿದ್ದ ಫೈಲನ್ನು ಆ ಕಪ್ಪು ಪೆಟ್ಟಿಗೆಗೇ ಒರಗಿಸಿಟ್ಟು, ಕೋಣೆಯ ಸುತ್ತ ನೋಡುತ್ತಾರೆ. “ಹೊಸ ಕಂಪ್ಯೂಟರ್ ಬಂದ ಮೇಲೆ ಟೆಸ್ಟು ಅಂದಿದ್ರಲ್ಲ ಮೇಡಂ? ಎಲ್ಲಿ, ಅದಿನ್ನೂ ಬಂದೇ ಇಲ್ವಾ?”

“‘ಫೈಲ್ ತಗೀಯಪ್ಪಾ, ಬಿಸಿ ಹೋಗೂದಿಲ್ಲ’ ಅಂತ ಅನ್ನಬೇಕಂದೆ ರೀ,” ಎನ್ನುತ್ತಾರೆ ಅನುಸೂಯಾ, ಮರಳುವ ರೈಲಿಗೆ ಕಾಯುತ್ತ, ಮೊದಲ ಬಾರಿಗೆ ಹುಬ್ಬು ಗಂಟಿಕ್ಕದೆ. “ಆದ್ರ ಬಾಯಿ ಬರಲಿಲ್ಲ. ಇಷ್ಟು ವರ್ಷದಾಗ ನನ್ನ ಕೆಲಸಾನ ಹಿಂಗ ಯಾರೂ ಹೊಗಳಿದ್ದಿಲ್ಲ ನೋಡ್ರಿ.”